ಒಂಬತ್ತು ದಿನ

"ಸಾರ್, ಇನ್ನೊಂದು ಸೆಟ್ ಪ್ರಿಂಟ್ ಹಾಕ್ಲಾ?"

ಜೆರಾಕ್ಸ್ ಅಂಗಡಿಯ ಅರ್ಪಿತ ಎರಡನೇ ಸಲ ಕೇಳಿದಳು. ಬದರಿನಾಥರಿಗೆ ಕೇಳಿಸಲಿಲ್ಲ. ಇನ್ನೂ ಬಿಸಿಯಾಗಿದ್ದ ಮೂರು ಹಾಳೆಗಳಲ್ಲಿ ಕೊನೆಯದನ್ನು ಹಿಡಿದು, ಗಿರಿನಗರದ ಆ ಪುಟ್ಟ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತು, ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಓದುತ್ತಿದ್ದರು.

"ಅಂಕಲ್, ಸ್ವಲ್ಪ ಜಾಗ ಬಿಡ್ತೀರಾ?" ಹಿಂದೆ ನಿಂತಿದ್ದ ಹೆಂಗಸು ಹೇಳಿದಾಗ ಬೆಚ್ಚಿ ಹೊರಗೆ ಬಂದರು. ದುಡ್ಡು ಕೊಟ್ಟರೋ ಇಲ್ಲವೋ ನೆನಪಾಗದೆ ಒಳಗೆ ಹೋಗಿ ವಿಚಾರಿಸಿ, ಕೊಟ್ಟಿದ್ದೀರಿ ಸಾರ್ ಅನ್ನಿಸಿಕೊಂಡು ಮತ್ತೆ ಹೊರಬಂದರು.

ಸರ್ವೇ ಇಲಾಖೆಯಲ್ಲಿ ಮೂವತ್ತೈದು ವರ್ಷ ಊರೂರಿನ ಗಡಿಕಲ್ಲು ಹುಡುಕಿ ನಿವೃತ್ತರಾದ ಮನುಷ್ಯ. ನಾಲ್ಕು ವರ್ಷಗಳ ಹಿಂದೆ ತಂದೆಯ ಟ್ರಂಕಿನಲ್ಲಿ ಒಂದು ಟೆಲಿಗ್ರಾಂ ಸಿಕ್ಕಿತ್ತು. ತಂದೆಯ ಅಣ್ಣ ವಿಷ್ಣು, ಇಪ್ಪತ್ತೆರಡು ವರ್ಷದ ವೈರ್‌ಲೆಸ್ ಆಪರೇಟರ್, 1944ರ ಮಾರ್ಚ್‌ನಲ್ಲಿ ಬರ್ಮಾದ ಮೇಲೆ ಹಾರಿದ ಬಾಂಬರ್ ವಿಮಾನದೊಂದಿಗೆ ಕಾಣೆಯಾಗಿದ್ದಾನೆ ಎಂಬ ಟೆಲಿಗ್ರಾಂ. ಅಂದಿನಿಂದ ಬದರಿನಾಥ ಲಂಡನ್ನಿನ ದಾಖಲೆ ಕಚೇರಿಗೆ, ದೆಹಲಿಗೆ, ಹಳೆಯ ವಿಮಾನಗಳ ಹುಚ್ಚು ಹಿಡಿಸಿಕೊಂಡಿದ್ದ ಯಾರ್‍ಯಾರಿಗೋ ಬರೆಯುತ್ತಲೇ ಇದ್ದರು. ಈ ಬೆಳಿಗ್ಗೆ ಉತ್ತರ ಬಂದಿತ್ತು. ಯುದ್ಧ ಮುಗಿದ ಮೇಲೆ, ಕಾಣೆಯಾದವರನ್ನು ಹುಡುಕುತ್ತ ಬರ್ಮಾದ ಹಳ್ಳಿಗಳನ್ನು ಸುತ್ತಿದ ಅಧಿಕಾರಿಯೊಬ್ಬ ಟೈಪು ಮಾಡಿಸಿದ್ದ ವರದಿ.

ವಿಮಾನದಲ್ಲಿದ್ದ ಎಂಟು ಜನರಲ್ಲಿ ಏಳು ಜನ ಬಿದ್ದಲ್ಲೇ ಸತ್ತಿದ್ದರು. ಎಂಟನೆಯವನು, 'ಇಂಡಿಯನ್', ಬದುಕಿದ್ದ. ತೊಡೆ ಮುರಿದಿತ್ತು. ಹಳ್ಳಿಯ ಮುಖಂಡನ ತಾಯಿ ಅವನನ್ನು ಜಪಾನಿಯರ ಕಣ್ಣಿಗೆ ಬೀಳದಂತೆ ಭತ್ತದ ಕಣಜದ ಹಿಂದೆ ಇಟ್ಟುಕೊಂಡು ಗಂಜಿ, ನೀರು ಕೊಟ್ಟಳು. ಒಂಬತ್ತು ದಿನಗಳ ನಂತರ ಜ್ವರದಿಂದ ಸತ್ತ. ಹೊಳೆಯ ದಂಡೆಯಲ್ಲಿ ಹೂಳಿದರು. ಮರುವರ್ಷದ ನೆರೆಯಲ್ಲಿ ದಂಡೆ ಕೊಚ್ಚಿಹೋದ್ದರಿಂದ ಸಮಾಧಿ ಪತ್ತೆಯಾಗಲಿಲ್ಲ.

ಬದರಿನಾಥ ಆಟೋ ಹತ್ತಿದರು. ಜಯನಗರಕ್ಕೆ ಹೋಗಲೇಬೇಕಿತ್ತು. ತೊಂಬತ್ತೊಂದು ವರ್ಷದ ಕಾತ್ಯಾಯಿನಿ ಅತ್ತೆ, ವಿಷ್ಣುವಿನ ಒಬ್ಬಳೇ ತಂಗಿ, ವಾರದಿಂದ ಈ ಕಾಗದಕ್ಕೆ ಕಾಯುತ್ತಿದ್ದರು. ಆದರೆ ಅತ್ತೆಗೆ, ಮನೆಯ ಎಲ್ಲರಿಗೂ, ಎಂಬತ್ತು ವರ್ಷದಿಂದ ಗೊತ್ತಿದ್ದ ಕಥೆ ಬೇರೆ. ಟೆಲಿಗ್ರಾಂ ಬಂದ ತಿಂಗಳಿಗೆ ವಿಷ್ಣುವಿನ ಮೇಲಧಿಕಾರಿಯಿಂದ ಒಂದು ಕಾಗದ ಬಂದಿತ್ತು: 'ಎಲ್ಲವೂ ಒಂದು ಕ್ಷಣದಲ್ಲಿ ಮುಗಿದಿರಬೇಕು, ಅವರಿಗೆ ನೋವು ತಿಳಿದಿರಲಾರದು.' ಆ ಸಾಲನ್ನು ಬದರಿನಾಥ ಚಿಕ್ಕಂದಿನಿಂದ ಕೇಳಿ ಬೆಳೆದಿದ್ದರು.

ಸೌತ್ ಎಂಡ್ ಸರ್ಕಲ್ಲಿನಲ್ಲೇ ಆಟೋ ನಿಲ್ಲಿಸಿ ಇಳಿದರು. ನಡೆದರೆ ಏನಾದರೂ ಹೊಳೆಯಬಹುದು ಅಂದುಕೊಂಡಿದ್ದರು, ಏನೂ ಹೊಳೆಯಲಿಲ್ಲ. ಅತ್ತೆಯ ಮನೆಯ ಗೇಟಿನ ಚಿಲಕಕ್ಕೆ ಕೈಹಾಕಿ, ತಿರುಗಿ, ಮೂಲೆಯ ಪಾರ್ಕನ್ನು ಸುತ್ತಿ ಬಂದರು; ಹೀಗೆ ಮೂರು ಸಲ. ಕೊನೆಗೆ ಅತ್ತೆಯ ಮೊಮ್ಮಗಳು ಧೃತಿಗೆ ಫೋನ್ ಮಾಡಿದರು. ಧೃತಿ ಅಜ್ಜಿಯ ಜೊತೆಗಿದ್ದುಕೊಂಡೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಇವತ್ತು ಅವಳಿಗೆ ರಜೆ. ಬದರಿನಾಥ ಎಲ್ಲ ಹೇಳಿದರು.

"ಬೇಡ ಮಾಮ, ಹೇಳ್ಬೇಡಿ. ಈ ವಯಸ್ಸಲ್ಲಿ ಒಂಬತ್ತು ದಿನ ನರಳಿದ ಅಂತ ಕೇಳಿ ಏನಾಗ್ಬೇಕು ಅಜ್ಜಿಗೆ? ಆ ಹಳೇ ಕಾಗದದಲ್ಲಿ ಇದ್ದಿದ್ದೇ ನಿಜ ಅಂದ್ಬಿಡಿ. ಪ್ಲೀಸ್."

"ಸರಿ ಕಣಮ್ಮ," ಅಂದರು ಬದರಿನಾಥ. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಷರ್ಟಿನ ಜೇಬಿಗೆ ತುರುಕಿದರು.

ಅತ್ತೆ ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮಂಜಾಗಿತ್ತು; ಬೆರಳುಗಳು ಚುರುಕಾಗಿದ್ದವು.

"ಕಾಗದ ಬಂತೇನೋ ಬದರಿ?"

"ಬಂತು ಅತ್ತೆ." ಬದರಿನಾಥ ಕೂರಲಿಲ್ಲ. ಕಿಟಕಿಯ ಹತ್ತಿರ ಹೋದರು, ಹಿಂದಕ್ಕೆ ಬಂದರು. "ಆವತ್ತು ಆಫೀಸರ್ ಬರ್ದಿದ್ದೇ ಸರಿ. ವಿಮಾನ ಬಿದ್ದಿದ್ದೇ ತಡ, ಎಲ್ಲ ಮುಗಿದುಹೋಗಿದೆ. ನೋವೇ ಆಗಿರ್ಲಿಕ್ಕಿಲ್ಲ."

ಅತ್ತೆ ಒಂದು ಕಾಯಿ ಬಿಡಿಸಿದರು. ಇನ್ನೊಂದು ಬಿಡಿಸಿದರು.

"ಅಷ್ಟು ಹೇಳೋಕ್ಕೆ ಮೂರು ಸಲ ಗೇಟಿನ ತಂಕ ಬಂದು ವಾಪಸ್ ಹೋದ್ಯಾ? ಚಿಲಕದ ಸದ್ದು ಕೇಳ್ಸಿತು ನಂಗೆ. ಕೂತ್ಕೋ."

ಬದರಿನಾಥ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಧೃತಿ ತಲೆ ಅಡ್ಡಡ್ಡ ಆಡಿಸಿ ಬೇಡ ಎಂದಳು.

"ಆ ಕಾಗದ ಸುಳ್ಳು ಅಂತ ನಂಗೆ ಆವಾಗ್ಲೇ ಗೊತ್ತಿತ್ತು ಕಣೋ," ಅಂದರು ಅತ್ತೆ. "ನನ್ ಕ್ಲಾಸಲ್ಲಿ ಶಾಂತಾದೇವಿ ಅಂತ ಇದ್ಲು. ಅವ್ಳ ಅಣ್ಣನೂ ಯುದ್ಧಕ್ಕೆ ಹೋಗಿದ್ದ, ಮಿಲಿಟ್ರೀಗೆ. ಅವ್ನೂ ಅಲ್ಲೇ ತೀರ್ಕೊಂಡ. ಅವ್ರ ಮನೆಗೂ ಕಾಗದ ಬಂತು. ಒಂದಿನ ಇಬ್ರೂ ಮನೇಲಿ ಹೇಳ್ದೆ ಆ ಕಾಗದಗಳನ್ನ ಸ್ಕೂಲಿಗೆ ತಗೊಂಡೋಗಿ, ಜಗಲಿ ಮೇಲೆ ಪಕ್ಕಪಕ್ಕದಲ್ಲಿ ಇಟ್ವಿ. ಇಂಗ್ಲಿಷ್ ಅರ್ಥ ಆಗ್ತಿರ್ಲಿಲ್ಲ. ಅಕ್ಷರ ಹೋಲ್ಸಿ ನೋಡೋಕ್ಕೆ ಬರ್ತಿತ್ತಲ್ಲ. ಬೆರಳಿಟ್ಕೊಂಡು ನೋಡಿದ್ವಿ. ಅಪ್ಪ ತೋರ್ಸಿ ಓದಿದ್ದ ಸಾಲು, ಒಂದು ಕ್ಷಣ ಅನ್ನೋ ಸಾಲು, ಎರಡರಲ್ಲೂ ಒಂದೇ. ಒಂದಕ್ಷರ ವ್ಯತ್ಯಾಸ ಇಲ್ಲ."

ಧೃತಿ ನಿಧಾನವಾಗಿ ಬಂದು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ಯಾರಿಗೂ ಹೇಳ್ಲಿಲ್ವಾ ಅಜ್ಜಿ?"

"ಹೇಗೆ ಹೇಳ್ಲಿ? ಅಪ್ಪ ಆ ಸಾಲು ಓದಿ ಹೇಳಿದ್ ಮೇಲೇನೇ ಅಮ್ಮ ಎರಡು ತುತ್ತು ಅನ್ನ ಬಾಯಿಗಿಟ್ಟಿದ್ದು." ಅತ್ತೆ ಮಡಿಲಿನ ಸಿಪ್ಪೆಯನ್ನು ಸುಮ್ಮನೆ ಆಚೀಚೆ ಸರಿಸಿದರು. "ಅಮ್ಮ ಹೋದ್ಲು, ಅಪ್ಪ ಹೋದ್ರು, ನಿಮ್ಮಪ್ಪನೂ ಹೋದ. ಒಬ್ಬೊಬ್ಬರಿಗೂ ಅದೇ ಹೇಳ್ಕೊಂಡ್ ಬಂದೆ. ಒಳಗಡೆ ಮಾತ್ರ ಏನೇನೋ. ನೀರಲ್ಲಿ ಬಿದ್ನಾ, ಸುಟ್ಟುಹೋದ್ನಾ, ಯಾವ್ದಾದ್ರೂ ಕಾಡಲ್ಲಿ ಒಬ್ನೇ ಬಿದ್ಕೊಂಡಿದ್ನಾ. ದಿನಕ್ಕೊಂದು ಥರ. ಎಂಬತ್ತು ವರ್ಷ ಆಯ್ತು. ನನ್ ಕೈಲಿ ಇನ್ನಾಗಲ್ಲ ಬದರಿ. ಓದು."

ಬದರಿನಾಥ ಹಾಳೆ ಬಿಡಿಸಿದರು. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದರು. ತೊಡೆ ಮುರಿದಿದ್ದನ್ನೂ ಬಿಡಲಿಲ್ಲ. ಅತ್ತೆ ಕಣ್ಣು ಮುಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ಒಂದೇ ಸಲ "ಅಯ್ಯೋ ಅಣ್ಣಯ್ಯ" ಎಂದರು. ಆಮೇಲೆ ಅಳು ಬಂತು. ಧೃತಿ ಬೆನ್ನು ಸವರುತ್ತ, ನೋಡಿದ್ರಾ ಎಂಬಂತೆ ಬದರಿನಾಥರತ್ತ ದುರುಗುಟ್ಟಿದಳು. ಅವರು ತಲೆ ತಗ್ಗಿಸಿದರು.

ಅತ್ತೆ ಮುಖ ಒರೆಸಿಕೊಂಡರು.

"ಆ ಹೆಂಗಸು. ಗಂಜಿ ಕೊಟ್ಲಲ್ಲ. ಹೆಸರೇನು?"

"ಬರ್ದಿಲ್ಲ ಅತ್ತೆ. ಮುಖಂಡನ ತಾಯಿ ಅಂತಷ್ಟೇ ಇದೆ."

"ಒಂಬತ್ತು ದಿನ ನೋಡ್ಕೊಂಡವಳ ಹೆಸರು ಬರ್ಕೊಳ್ಳೋದಕ್ಕೆ ಏನಾಗಿತ್ತು ಈ ವರದಿ ಬರ್ದೋನಿಗೆ?" ಅತ್ತೆಯ ದನಿ ಏರಿತು. "ಊರಿನ ಹೆಸರಾದ್ರೂ ಇದ್ಯಾ?"

"ಇದೆ."

"ಹಾಗಾದ್ರೆ ಬರಿ. ಅಲ್ಲಿಗೇ ಬರಿ. ಅವಳ ಮೊಮ್ಮಕ್ಕಳು ಇರ್ತಾರೆ, ಮರಿಮಕ್ಕಳು ಇರ್ತಾರೆ."

ಬದರಿನಾಥರಿಗೆ ಅಲ್ಲಿಗೆ ಹೇಗೆ ಬರೆಯುವುದು, ಯಾವ ಭಾಷೆಯಲ್ಲಿ ಬರೆಯುವುದು ತಿಳಿಯಲಿಲ್ಲ. ಆದರೂ "ಬರೀತೀನಿ ಅತ್ತೆ" ಎಂದರು.

ಅತ್ತೆ ಒಂದು ಅವರೆಕಾಯಿ ಕೈಗೆತ್ತಿಕೊಂಡರು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ.

"ಅಣ್ಣಯ್ಯನಿಗೆ ಅವ್ರ ಮಾತು ಬರ್ತಿರ್ಲಿಲ್ಲ. ಅವ್ರಿಗೆ ಇವ್ನ ಮಾತು ಬರ್ತಿರ್ಲಿಲ್ಲ. ನೀರು ಬೇಕು ಅಂತ ಹೇಗೆ ಕೇಳಿರ್ತಾನೆ?"

ಧೃತಿ ಮೊಬೈಲ್ ತೆಗೆದು ಏನೋ ಹುಡುಕಿದಳು. ಫೋನಿನಿಂದ ಒಂದು ಹೆಣ್ಣು ದನಿ ಒಂದೇ ಶಬ್ದ ಹೇಳಿ ನಿಂತಿತು.

"ಬರ್ಮೀಸಲ್ಲಿ ನೀರಿಗೆ 'ಯೇ' ಅಂತಾರಂತೆ ಅಜ್ಜಿ."

"ಅಷ್ಟೇನಾ?"

"ಅಷ್ಟೇ."

"ಇನ್ನೊಂದ್ಸಲ ಹಾಕು."

ಧೃತಿ ಮೂರು ಸಲ ಹಾಕಿದಳು. ಆಮೇಲೆ ಫೋನನ್ನು ಬದರಿನಾಥರ ಕೈಗೆ ಕೊಟ್ಟು, ಹಾಲು ಕಾಯಿಸಲು ಒಳಗೆ ಹೋದಳು. ಅತ್ತೆ ತುಟಿ ಅಲುಗಿಸಿ, ಮೊದಲು ಸದ್ದಿಲ್ಲದೆ, ಆಮೇಲೆ ಮೆಲ್ಲಗೆ ಹೇಳಿ ನೋಡಿದರು.

"ಯೇ."

ಮತ್ತೆ ಸ್ವಲ್ಪ ಎಳೆದು ಹೇಳಿದರು. "ಯೇ..."

"ಏನಜ್ಜಿ, ಕರೆದ್ಯಾ?" ಒಳಗಿನಿಂದ ಧೃತಿ ಕೇಳಿದಳು.

ಅತ್ತೆ ಬಿಡಿಸಿದ ಅವರೆಕಾಳಿನ ಮೇಲೆ ಕೈಯಿಟ್ಟುಕೊಂಡು, ಇನ್ನೂ ಸರಿಯಾಗಿಲ್ಲವೆಂಬಂತೆ, ಮತ್ತೊಮ್ಮೆ ಹೇಳಿದರು.