ಜಲಜನಕದ ಪೊರಕೆ

ನಮ್ಮ ವಿದ್ಯುತ್ ಸ್ಥಾವರದ ಟರ್ಬೈನ್ ಮನೆಯ ಬಾಗಿಲ ಪಕ್ಕ ಒಂದು ಮೊಳೆ, ಆ ಮೊಳೆಗೆ ಒಂದು ಹುಲ್ಲಿನ ಪೊರಕೆ. ಅದರಲ್ಲಿ ಯಾರೂ ಕಸ ಗುಡಿಸಬಾರದು. ಜನರೇಟರಿನ ಒಡಲನ್ನು ತಣ್ಣಗಿಡುವುದು ಜಲಜನಕ. ಅದು ಸೋರಿ ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಆಗ ಪೊರಕೆಯನ್ನು ಮುಂದೆ ಚಾಚಿಕೊಂಡು ನಡೆಯಬೇಕು, ಹುಲ್ಲು ಹೊತ್ತಿಕೊಂಡಲ್ಲಿ ನಿಲ್ಲಬೇಕು. ಹುಲ್ಲು ಸುಟ್ಟರೆ ಸುಡಲಿ, ಮೂತಿ ಉಳಿಯುತ್ತದಲ್ಲ!

ಆದರೆ ಅರ್ಧ ವರ್ಷ ಹಿಮ ಮುಚ್ಚಿರುವ ಈ ಬೋಥ್ನಿಯಾ ಕೊಲ್ಲಿಯ ದಂಡೆಯಲ್ಲಿ ಬಾಗಿಲ ಬಳಿ ಪೊರಕೆ ಕಂಡರೆ ಯಾರ ಕಾಲೂ ಸುಮ್ಮನಿರದು. ಅದರಲ್ಲಿ ಬೂಟಿನ ಹಿಮ ಗುಡಿಸದೆ ಒಳಗೆ ಕಾಲಿಟ್ಟರೆ ನಮ್ಮಮ್ಮ ಕಾಫಿ ಕೊಡುತ್ತಿರಲಿಲ್ಲ. ನನಗೂ ಇಲ್ಲ, ತಮ್ಮ ಓಯ್ವನಿಗೂ ಇಲ್ಲ.

ಮಾರ್ಚಿನ ಆ ಬೆಳಿಗ್ಗೆ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನೂ ಓಯ್ವನೂ ಒಂದೇ ಪಾಳಿ. ಇಬ್ಬರೂ ಬಾಗಿಲ ಬಳಿ ಪತ್ರಿಕೆಯ ಪದಬಂಧಕ್ಕೆ ಕಿತ್ತಾಡುತ್ತಿದ್ದಾಗ ಕಾಲಡಿಯ ನೆಲ ಅದುರಿತು. ಟರ್ಬೈನಿನ ಒಂದು ಅಲಗು ಮುರಿದು, ಇಡೀ ಯಂತ್ರ ಹುಚ್ಚೆದ್ದು ಕುಣಿಯಿತು. ಹಿಂದೆಯೇ ಜನರೇಟರಿನ ಕಡೆಯಿಂದ ಜಲಜನಕ ಸೋರುವ ಬುಸ್ಸೆಂಬ ಸದ್ದು.

"ನನ್ನ ಕಾಲು! ಯಾರಾದ್ರೂ ಬನ್ರೋ!" ಯಂತ್ರದ ಆಚೆಯಿಂದ ಫಿಟ್ಟರ್ ಇಲ್ಮೊ ಚೀರಿದ.

ನಿಯಂತ್ರಣ ಕೋಣೆಯಿಂದ ವೇಯ್ಕೊ ರೇಡಿಯೋದಲ್ಲಿ ಕೂಗಿದ. "ಅನಿಲಾನ ಚಾವಣಿ ಮೇಲಕ್ಕೆ ಬಿಡ್ತಿದ್ದೀನಿ. ಪೂರ್ತಿ ಖಾಲಿಯಾಗೋಕೆ ಹೊತ್ತು ಹಿಡಿಯುತ್ತೆ. ಯಾರೂ ಒಳಗೆ ಕಾಲಿಡ್ಬೇಡಿ!"

"ಅಲ್ಲಿವರೆಗೂ ಇಲ್ಮೊ ಏನು ಪದಬಂಧ ಬಿಡಿಸ್ತಾ ಕೂತಿರ್ಬೇಕಾ?" ಓಯ್ವ ಪತ್ರಿಕೆಯನ್ನು ಜೇಬಿಗೆ ತುರುಕಿ ಪೊರಕೆಗೆ ಕೈ ಹಾಕಿದ.

"ಲೋ, ಬೇಡ ಕಣೋ! ನಿಂಗೇನಾದ್ರೂ ಆದ್ರೆ ಅಮ್ಮನಿಗೆ ಏನಂತ ಹೇಳ್ಲಿ?"

"ಪೊರಕೆ ಇದೆಯಲ್ಲಕ್ಕ."

ಹೋಗೇಬಿಟ್ಟ. ಪೊರಕೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಜನರೇಟರಿನ ಪಕ್ಕ ಹೆಜ್ಜೆ ಇಡುತ್ತಿದ್ದ. ಹುಲ್ಲು ಹೊತ್ತಲಿಲ್ಲ. ದಾರಿ ಸುರಕ್ಷಿತ ಎಂದುಕೊಂಡನೇನೋ, ನಡಿಗೆ ಬಿರುಸಾಯಿತು. ನೋಡಲಾರದೆ ತಲೆ ತಗ್ಗಿಸಿದೆ.

ಮೊಳೆಯ ಕೆಳಗೆ ನೆಲ ಒದ್ದೆಯಾಗಿತ್ತು. ನೀರಿನ ನಡುವೆ ಇನ್ನೂ ಕರಗದ ಹಿಮದ ಒಂದು ಚೂರು.

ಅಯ್ಯೋ ದೇವರೇ! ಒದ್ದೆ ಹುಲ್ಲು ಎಲ್ಲಿ ಹೊತ್ತೀತು?

"ಓಯ್ವ, ನಿಲ್ಲೋ! ಪೊರಕೆ ಒದ್ದೆ! ಒದ್ದೆ ಕಣೋ!" ರೇಡಿಯೋ ಬಾಯಿಗೊತ್ತಿಕೊಂಡು ಗಂಟಲು ಹರಿಯುವಂತೆ ಅರಚಿದೆ. ಯಂತ್ರದ ಮೊರೆತ ಇನ್ನೂ ಇಳಿದಿರಲಿಲ್ಲ. ಕೇಳಿಸಿತೋ ಇಲ್ಲವೋ!

ಎತ್ತಿದ ಕಾಲನ್ನು ಓಯ್ವ ಹಾಗೆಯೇ ತಡೆದ. ಪೊರಕೆಯ ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಜೇಬಿನಿಂದ ಪತ್ರಿಕೆ ಎಳೆದು, ಒಂದು ಹಾಳೆ ಹರಿದು ಮುದ್ದೆ ಮಾಡಿ ಮುಂದಕ್ಕೆ ಎಸೆದ. ಅವನ ಎದೆಯ ಎತ್ತರದಲ್ಲಿ, ಒಂದೇ ಹೆಜ್ಜೆಯಾಚೆ, ಏನೂ ಇಲ್ಲದ ಗಾಳಿಯಲ್ಲಿ ಹಾಳೆ ಭಗ್ಗನೆ ಉರಿದುಹೋಯಿತು.

ಅವನು ಹಿಂದೆ ಸರಿದು, ಯಂತ್ರದ ಇನ್ನೊಂದು ಮಗ್ಗುಲಿಗೆ ಸುತ್ತಿ ಹೋದ. ಉಳಿದ ಹಾಳೆಗಳನ್ನು ಹರಿದು ಹರಿದು ಮುಂದೆ ಎಸೆಯುತ್ತಾ, ಅವು ಸುಮ್ಮನೆ ನೆಲಕ್ಕೆ ಬಿದ್ದರೆ ಮಾತ್ರ ಹೆಜ್ಜೆ ಇಡುತ್ತಾ ಹೋಗಿ, ಇಲ್ಮೊನನ್ನು ಕಂಕುಳಿಗೆ ಕೈಕೊಟ್ಟು ಎಳೆದು ತಂದ.

ಇಲ್ಮೊನನ್ನು ಸ್ಟ್ರೆಚರಿನವರು ಒಯ್ದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು.

"ಯಾವ ಕತ್ತೆ ಅದು, ಆ ಪೊರಕೆಯಲ್ಲಿ ಬೂಟು ಗುಡಿಸಿದ್ದು? ಕೈಗೆ ಸಿಗ್ಲಿ, ಅದೇ ಪೊರಕೆಯಲ್ಲಿ ಬಾರಿಸ್ತೀನಿ!"

ಓಯ್ವ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ನನ್ನ ಬೂಟಿನ ಅಂಚಿನಲ್ಲಿ ಹಿಮ ಕರಗಿದ ಕೆಸರು ಮೆತ್ತಿತ್ತು. ಅವನ ಬೂಟು ಮಾತ್ರ ಅಮ್ಮ ಮೆಚ್ಚುವಷ್ಟು ಚೊಕ್ಕ.

"ಹೊರಗಡೆ ಪಂಪ್ ನೋಡ್ಕೊಂಡು ಬಂದೆನಲ್ಲಕ್ಕ..." ಅವನು ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡ. "ಪೊರಕೆ ಕಂಡ ಕೂಡ್ಲೇ ಕಾಲು ತಾನಾಗೇ ಎದ್ದುಬಿಡ್ತು. ನಂಗೆ ಗೊತ್ತೇ ಆಗ್ಲಿಲ್ಲ."

ಬೆನ್ನಿಗೆ ಒಂದು ಗುದ್ದಿದೆ. ಆಮೇಲೆ ತಬ್ಬಿಕೊಂಡು ಅತ್ತೆ.

"ಅಮ್ಮನಿಗೆ ಹೇಳ್ಬೇಡಕ್ಕ," ಅಂದ.