ಹೆಪ್ಪುಗಟ್ಟದ ಗ್ಯಾಲಿಯಂ

ನಾನು ಗ್ಯಾಲಿಯಂ, ಬೆಳ್ಳಿಯಂತೆ ಹೊಳೆಯುವ ಲೋಹ. ಕೆಂಪು ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವಾಗ ಅದರ ಬೆನ್ನಿಗೆ ಚೂರುಪಾರಾಗಿ ಹೊರಬಂದೆ. ಅಂಗೈಯ ಬಿಸಿ ತಾಕಿದರೆ ಸಾಕು, ನೀರಾಗುತ್ತೇನೆ. ಆ ಒಂದು ಗುಣಕ್ಕಾಗಿಯೇ ರಾಯಚೂರಿನ ಹೆಣ್ಣುಮಕ್ಕಳ ಕಾಲೇಜೊಂದರ ರಸಾಯನಶಾಸ್ತ್ರ ಉಪನ್ಯಾಸಕಿ ನೀಲಾಂಬಿಕಾ ಮೇಡಂ ನನ್ನನ್ನು ಪುಟ್ಟ ಪ್ಲಾಸ್ಟಿಕ್ ಸೀಸೆಯಲ್ಲಿ ತರಿಸಿಕೊಂಡರು.

ಆ ವರ್ಷ ಹುಡುಗಿಯರು ಸೇರದಿದ್ದರೆ ಅವರ ವಿಭಾಗವೇ ಮುಚ್ಚುವುದಿತ್ತು. ಹೊಸಬರು ವಿಷಯ ಆರಿಸಿಕೊಳ್ಳಲು ಬರುವ ದಿನ ನನ್ನ ಗಟ್ಟಿ ತುಂಡನ್ನು ಅವರ ಕೈಗಿಟ್ಟು ಕರಗಿಸಿ ತೋರಿಸಬೇಕೆಂದು ಮೇಡಂಗೆ ಆಸೆ. ಆದರೆ ಆ ದಿನ ಬಂದಾಗ ರಾಯಚೂರಿನ ಬಿಸಿಲಿಗೆ ನಾನು ಸೀಸೆಯಲ್ಲೇ ಕರಗಿ ಕೂತಿದ್ದೆ. ಐಸ್ ತಂದು ಸುತ್ತ ಸುರಿದರು. ಊಹೂಂ. ಇದು ನನ್ನ ಹುಟ್ಟುಗುಣ: ಹಾಲಿಗೆ ಹೆಪ್ಪು ಹಾಕಿದ ಹಾಗೆ ಗಟ್ಟಿ ಗ್ಯಾಲಿಯಂನ ಚೂರೊಂದು ತಾಕದಿದ್ದರೆ, ಎಷ್ಟೋ ಸಲ ಚಳಿಯಲ್ಲೂ ದ್ರವವಾಗಿಯೇ ಉಳಿದುಬಿಡುತ್ತೇನೆ. ಆ ಚೂರನ್ನು ಅವರು ಎಲ್ಲಿಂದ ತರಬೇಕು?

"ಇದು ಪಾದರಸ ಅಲ್ಲೇನ್ರಿ? ಥರ್ಮಾಮೀಟರ್‌ನಾಗ ನೋಡೀವಿ," ಎಂದಳು ಬಂದ ಹುಡುಗಿಯರಲ್ಲೊಬ್ಬಳು. ಉಳಿದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಅಲ್ಲವ್ವಾ," ಎಂದರು ಮೇಡಂ, ಬೆವರು ಒರೆಸಿಕೊಳ್ಳುತ್ತ. "ಕಬ್ಬಿಣದ ಪರಮಾಣುಗಳು ತಮ್ಮ ಎಲೆಕ್ಟ್ರಾನ್ ಎಲ್ಲಾರ ಜೋಡಿ ಹಂಚಿಕೊಂಡು ಬಿಗಿಯಾಗಿ ಕೂಡ್ತಾವ. ಪಾದರಸ ತನ್ನದನ್ನ ಸುಲಭಕ್ಕ ಬಿಟ್ಟುಕೊಡಂಗಿಲ್ಲ, ಅದಕ್ಕ ಅದರ ಹಿಡಿತ ಸಡಿಲ. ಗ್ಯಾಲಿಯಂನಾಗ ಎರಡೆರಡು ಪರಮಾಣು ಜೋಡಿ ಆಗ್ತಾವ. ಒಂದು ಜೋಡಿಗೂ ಇನ್ನೊಂದಕ್ಕೂ ನಂಟು ಕಡಿಮಿ. ಸ್ವಲ್ಪ ಬಿಸಿ ತಾಕಿದ್ರ ಬ್ಯಾರೆ ಆಗ್ತಾವ."

ಅಷ್ಟರಲ್ಲಿ ಅರ್ಧ ಹುಡುಗಿಯರು ಪಕ್ಕದ ಕಂಪ್ಯೂಟರ್ ಕೋಣೆಗೆ ಹೋಗಿಯಾಗಿತ್ತು.

ವಿಭಾಗ ಮುಚ್ಚಿತು. "ಇದನ್ನ ನೀವೇ ಒಯ್ರಿ, ಇಲ್ಲಿ ಯಾರಿಗೆ ಬೇಕು?" ಎಂದರು ಪ್ರಿನ್ಸಿಪಾಲರು. ಮೇಡಂ ಬೀದರಿನ ಕಚೇರಿಯೊಂದಕ್ಕೆ ವರ್ಗವಾದರು. ಪಾಠ ಮಾಡಬೇಕಾದವರು ಕಡತಗಳಿಗೆ ಸಹಿ ಹಾಕುತ್ತ ಹಾಕುತ್ತ ನಿವೃತ್ತರಾದರು. ನಾನು ಅವರ ಮನೆಯ ಕಪಾಟು ಸೇರಿದೆ. ಯಾವುದೋ ಚಳಿಗಾಲದಲ್ಲಿ, ಯಾರೂ ಕೇಳದಿದ್ದಾಗ, ನಾನಾಗಿಯೇ ಗಟ್ಟಿಯಾದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೊನ್ನೆ ಬೆಳಿಗ್ಗೆ ಮೇಡಂ ನನ್ನನ್ನು ಸೀಸೆಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಬೀದರಿನ ಚಳಿ. ವಯಸ್ಸಾದ ಕೈಯೂ ತಣ್ಣಗಿತ್ತು. ನಾನು ಕರಗಲಿಲ್ಲ.

"ಎಂಥಾ ಹಠಮಾರಿ ಇದ್ದೀಯೋ!" ಎಂದು ಬೈದರು. ಬೇಕೆಂದು ಮಾಡಿದ್ದಲ್ಲ ಎಂದರೆ ಕೇಳಿಸೀತೆ?

ಅವರು ಇನ್ನೊಂದು ಕೈಯನ್ನೂ ಮೇಲೆ ಮುಚ್ಚಿ, ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಹೋಗಿ ಕೂತರು. ಬಹಳ ಹೊತ್ತಿನ ಮೇಲೆ ನನ್ನ ಒಂದು ಅಂಚು ಮೆಲ್ಲಗೆ ಜಾರತೊಡಗಿತು. ನೋಡಲು ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ.