ಹೆಂಗಸರ ಗೇಟಿನ ಯಮನಮ್ಮ

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಗಾಳೆಪ್ಪ ಗಾಡಿಗಳ ಸದ್ದಿಗೆ ತಲೆ ಎತ್ತಿದ. ಮಸ್ಕಿಯ ಊರಾಚೆಯ ಕೇರಿಯೊಳಗೆ ಒಂದರ ಹಿಂದೆ ಒಂದು ಐದು ಗಾಡಿಗಳು ಬರುತ್ತಿದ್ದವು. ಐದರ ತುಂಬಾ ದೀಪಾವಳಿಗೆ ಹೊಸ ಸೀರೆಯುಟ್ಟ ಹೆಂಗಸರು. ಮೊದಲ ಗಾಡಿಯಿಂದ ಇಳಿದವರು ಕಾಳಿನ ವ್ಯಾಪಾರಿಯ ಹೆಂಡತಿ ವೀರಭದ್ರಮ್ಮ. ಅವರ ಹಿಂದೆ ಮಗಳು ಬಸವಣ್ಣೆಮ್ಮ.

ಹಲಗೆ ಬಡಿಯುತ್ತಿದ್ದವರ ಕೈ ತಾನಾಗಿ ನಿಂತಿತು.

"ಯವ್ವಾ, ಇಲ್ಲಿಗ್ಯಾಕ ಬರಾಕ ಹೋದ್ರಿ?" ಗಾಳೆಪ್ಪ ಹಗ್ಗ ಬಿಟ್ಟು ಎದ್ದು ನಿಂತ.

"ಯಮನಮ್ಮನ್ನ ನೋಡಾಕ. ನೀ ಅಕಿಗಿ ಏನಾಗಬೇಕು?"

"ತಮ್ಮ ರೀ. ಹಟ್ಟಿ ಗಣಿಯಾಗ ದುಡೀತೀನಿ, ಹಬ್ಬಕ್ಕಂತ ಬಂದಿದ್ದೆ. ರಾತ್ರಿ ನನಗ ಊಟಕ್ಕ ಹಾಕಿ ಮಲಗಿದಾಕಿ ಮುಂಜಾನೆ ಏಳಲೇ ಇಲ್ಲ."

ಸಂಜೆಯ ಸಿನಿಮಾ ಆಟಕ್ಕೆಂದು ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಹೆಂಗಸರಿಗೆ ಟಾಕೀಸಿನ ತಂಬುವಿನ ಹತ್ತಿರ ಸುದ್ದಿ ತಿಳಿದಿತ್ತು. ಅಲ್ಲಿದ್ದ ವೀರಭದ್ರಮ್ಮ ಮುಂದಿನ ಗಾಡಿ ಹತ್ತಿ, "ಕೇರಿಗಿ ಹೊಡಿ" ಎಂದಿದ್ದರು. ಗಾಡಿಯವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ.

ಯಮನಮ್ಮನ ಮಗಳು ಅಯ್ಯಮ್ಮ ಗುಡಿಸಲಿನಿಂದ ಹೊರಬಂದು, ಇಷ್ಟು ಜನರನ್ನು ಎಲ್ಲಿ ಕೂಡಿಸಬೇಕೆಂದು ತಿಳಿಯದೆ, ಇದ್ದ ಒಂದೇ ಚಾಪೆಯನ್ನು ಬಿಡಿಸಿದಳು. ವೀರಭದ್ರಮ್ಮ ಆ ಚಾಪೆ ಬಿಟ್ಟು ಹೆಣದ ಪಕ್ಕದ ನೆಲದ ಮೇಲೆ ಕೂತರು.

*

ನಾಲ್ಕು ವರ್ಷದ ಹಿಂದೆ, ಐವತ್ತೊಂದರ ದೀಪಾವಳಿಗೆ, ವಿರೂಪಾಕ್ಷಪ್ಪನವರ ಟೂರಿಂಗ್ ಟಾಕೀಸು ಮಸ್ಕಿಗೆ ಮೊದಲ ಸಲ ಬಂದಿತ್ತು. ಹಬ್ಬ ಮುಗಿಯುವವರೆಗೆ ತಂಬುವಿನೊಳಗೆ ಕಸ ಹೊಡೆಯಲು, ಧೂಳು ಏಳದಂತೆ ನೀರು ಚಿಮುಕಿಸಲು ಯಮನಮ್ಮನನ್ನು ಇಟ್ಟುಕೊಂಡಿದ್ದರು. ಆಟ ಶುರುವಾಗುವ ಹೊತ್ತಿಗೆ ಹೆಂಗಸರ ಗೇಟಿನ ಮುಂದೆ ನೂಕುನುಗ್ಗಲು. ಆದರೆ ಟಿಕೀಟು ಹರಿಯಲು ನಿಂತ ಗಂಡಸನ್ನು ಕಂಡು ಒಬ್ಬಳೂ ಒಳಗೆ ಕಾಲಿಡಲಿಲ್ಲ.

"ಯಮನವ್ವಾ, ಕಸಬರಗಿ ಒಗದು ನೀನ ಬಂದು ನಿಂದ್ರು!" ವಿರೂಪಾಕ್ಷಪ್ಪ ಕೂಗಿದರು.

ಮೇಲುಜಾತಿಯವರು ತನ್ನ ಕೈಗೆ ಟಿಕೀಟು ಕೊಡಲಾರರೆಂದು ಅವಳಿಗೆ ಗೊತ್ತಿತ್ತು. ಒಂದು ಮೊರ ಹುಡುಕಿ ತಂದು ಮುಂದೆ ಹಿಡಿದಳು. ಟಿಕೀಟುಗಳು ಮೊರದೊಳಗೆ ಬಿದ್ದವು, ಹೆಂಗಸರು ಒಳಗೆ ನುಗ್ಗಿದರು.

ಸಿನಿಮಾ ಹಿಂದಿಯದು. ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಪರದೆಯ ಆಚೆ, ಕಚೇರಿ ಬಜಾರುಗಳಲ್ಲಿ ಉರ್ದು ಕೇಳಿ ಬಲ್ಲ ಗಂಡಸರು ಗೊಳ್ಳೆಂದು ನಗುತ್ತಿದ್ದರು. ಈಚೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಏನಂದ್ಲಬೇ?" "ನನಗೇನ ತಿಳೀತೈತಿ?" ಲಿಂಗಸುಗೂರಿನಲ್ಲಿ ಉರ್ದು ಮಾತಾಡುವ ಒಬ್ಬ ಅಧಿಕಾರಿಯ ಬಂಗಲೆಯ ಹಿತ್ತಲಲ್ಲಿ ಒಂಬತ್ತು ವರ್ಷ ಬಟ್ಟೆ ಒಗೆದಿದ್ದ ಯಮನಮ್ಮನಿಗೆ ಆ ಮಾತೆಲ್ಲ ಸಲೀಸಾಗಿ ತಿಳಿಯುತ್ತಿತ್ತು. ಗೇಟಿನ ಹತ್ತಿರವೇ ನಿಂತು ತುಟಿ ಕಚ್ಚಿ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಆಗಲಿಲ್ಲ.

"ಆ ಮೀಸಿಯಾವ ಸುಳ್ಳು ಹೇಳಾಕತ್ತಾನ್ರವ್ವಾ! ಕಾಗದ ಅವನ ಕಿಸೇದಾಗೈತಿ!"

ಹೆಂಗಸರ ಕಡೆ ಒಮ್ಮೆಲೇ ಗದ್ದಲ ಭುಗಿಲೆದ್ದಿತು. "ಹೌದೇನ? ಮತ್ತ ಅಕಿ ಯಾಕ ನಗಾಕತ್ತಾಳ?" "ಅಕಿಗಿ ಗೊತ್ತಾಗೈತಿ, ಗೊತ್ತಿಲ್ಲದಂಗ ನಾಟಕ ಮಾಡಾಕತ್ತಾಳ!" ಮಧ್ಯಂತರದ ಹೊತ್ತಿಗೆ ಯಮನಮ್ಮ ನಟ್ಟನಡುವೆ ಬಂದು ನಿಂತಿದ್ದಳು. ಮುದುಕನ ಮಾತಿಗೆ ಮುದುಕನ ದನಿ, ಸೊಸೆಯ ಮಾತಿಗೆ ಸೊಸೆಯ ದನಿ. ಆಕೆಯ ಮಾತು ಕೇಳಲು ಪರದೆಯ ಆಚೆಯ ಗಂಡಸರೂ ಇತ್ತ ಸರಿದು ಕೂತರು. ಮರುದಿನ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ.

ಆಮೇಲೆ ದೀಪಾವಳಿಯಿರಲಿ, ಸಂಕ್ರಾಂತಿಯಿರಲಿ, ಟಾಕೀಸು ಬಂದರೆ ಯಮನಮ್ಮ ಇರಲೇಬೇಕು.

*

"ರಾಜನ ಸಿನಿಮಾದಾಗ ಏನಂದಿದ್ಲು ಗೊತ್ತೇನು?" ವಳಕಮದಿನ್ನಿಯಿಂದ ಬಂದ ಮುದುಕಿಯೊಬ್ಬಳು ಮೂಗು ಒರೆಸಿಕೊಳ್ಳುತ್ತ ಹೇಳಿದಳು. "ಅಂವ ಅರ್ಧ ತಾಸು ಹಾಡಿದ. ‘ಏನಂತಾನಬೇ?’ ಅಂದ್ನಿ. ‘ಹಸಿವ್ಯಾಗೈತಂತ’ ಅಂದ್ಲು!"

ಅಳುತ್ತಿದ್ದವರು ಫಕ್ಕನೆ ನಕ್ಕರು. ಅಯ್ಯಮ್ಮನೂ ನಕ್ಕಳು, ನಕ್ಕು ಮತ್ತೆ ಅತ್ತಳು.

ಅಷ್ಟರಲ್ಲಿ ವಿರೂಪಾಕ್ಷಪ್ಪ ಹಾರ ಹಿಡಿದು ಬಂದರು. ಹೆಣದ ಪಾದದ ಹತ್ತಿರ ಅದನ್ನಿಟ್ಟು, "ಅಯ್ಯಮ್ಮಾ, ಇವತ್ತು ಆಟ ಬಂದ್ ಮಾಡ್ತೀನಿ" ಎಂದರು.

"ಬ್ಯಾಡ್ರೀ ಸಾವಕಾರ್ರ. ನಿನ್ನೆ ಹೊಸ ಸಿನಿಮಾದ ಡಬ್ಬಿ ಬಂದಾಗಿಂದ ನಮ್ಮವ್ವ ಹುಡುಗಿ ಕುಣದಂಗ ಕುಣದಾಳ. ಆಟ ನಡೀಲಿ."

"ಹೇಳಾಕ ಯಾರದಾರವ್ವ?"

"ನಾವ ಹೆಂಗರ ಕತಿ ಕಟ್ಟಿಕೊಂತೀವಿ!" ಹಿಂದಿನಿಂದ ಯಾರೋ ಅಂದರು.

ವೀರಭದ್ರಮ್ಮ ಮಗಳ ಕೈ ಹಿಡಿದುಕೊಂಡಿದ್ದರು. "ವಿರೂಪಾಕ್ಷಪ್ಪಾರ, ನಿಮ್ಮ ಟಾಕೀಸಿನಿಂದ ನನ್ನ ಮಗಳು ಉಳದಾಳ. ಎರಡು ವರ್ಷದ ಹಿಂದ, ಹಿಂಗ ದೀಪಾವಳಿಗಿ..."

*

ಆ ವರ್ಷ ಬಸವಣ್ಣೆಮ್ಮನಿಗೆ ಹದಿನೆಂಟು. ಸಿಂಧನೂರಿನ ಗಂಡನ ಮನೆಯಿಂದ ಒಬ್ಬಳೇ ಓಡಿಬಂದಿದ್ದಳು. ತೋಳಿನ ಮೇಲೆ ಕಾದ ಸೌಟಿನ ಬರೆಗಳು. ಹಬ್ಬ ಮುಗಿಸಿ ವಾಪಸು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಗಾಡಿಯನ್ನೂ ಗೊತ್ತು ಮಾಡಿಯಾಗಿತ್ತು. ಹೊರಡುವ ಹಿಂದಿನ ಸಂಜೆ, ಹುಡುಗಿಯ ಮನಸ್ಸು ಹಗುರಾಗಲೆಂದು ವೀರಭದ್ರಮ್ಮ ಟಾಕೀಸಿಗೆ ಕರೆತಂದಿದ್ದರು.

ಮಧ್ಯಂತರದಲ್ಲಿ ಬಸವಣ್ಣೆಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಾಗ ತೋಳು ಕಂಡಿತು. ಮೊರ ಹಿಡಿದು ನಿಂತಿದ್ದ ಯಮನಮ್ಮ ಅದನ್ನು ನೋಡಿದಳು.

ದೀಪ ಆರಿತು. ತೆರೆಯ ಮೇಲೂ ಒಬ್ಬ ಮಗಳು ಗಂಡನ ಮನೆ ಬಿಟ್ಟು ತವರಿನ ಹೊಸ್ತಿಲಿಗೆ ಬಂದು ನಿಂತಳು. ತಾಯಿ ಬಾಗಿಲಿಗೆ ಬಂದು ಏನೋ ಹೇಳಿದಳು.

"ಏನಂದ್ಲಬೇ ಯಮನವ್ವಾ?"

ಯಮನಮ್ಮ ಬಸವಣ್ಣೆಮ್ಮ ಕೂತಿದ್ದ ಕಡೆಗೊಮ್ಮೆ ತಿರುಗಿದಳು. ಆಮೇಲೆ ತಂಬು ನಡುಗುವಂತೆ ಹೇಳಿದಳು: "‘ಒಳಗ ಬಾ ಮಗಳ. ನಾ ಇರೋತನಕ ಈ ಬಾಗಲ ನಿನಗ ಮುಚ್ಚಂಗಿಲ್ಲ. ಊರಾಗ ಏನಂತಾರ ಅನ್ಲಿ’ ಅನ್ನಾಕತ್ತಾಳ್ರವ್ವಾ!"

ತೆರೆಯ ಮೇಲೆ ಬಾಗಿಲು ಧಡಕ್ಕನೆ ಮುಚ್ಚಿತು.

"ಮತ್ಯಾಕ ಬಾಗಲ ಹಾಕಿದ್ಲು?"

"ಹಿತ್ತಲ ಬಾಗಲ ತಗ್ಯಾಕ ಹೋಗ್ಯಾಳ! ಮುಂದ ಗಂಡನ ಕಡ್ಯಾರು ಬಂದು ನಿಂತಾರ!"

ಹೆಂಗಸರು ಚಪ್ಪಾಳೆ ತಟ್ಟಿದರು. ಪರದೆಯ ಆಚೆ ಗಂಡಸರು ಗೊಂದಲಕ್ಕೆ ಬಿದ್ದು ಗುಸುಗುಸು ಎನ್ನತೊಡಗಿದರು. ಹುಡುಗಿ ನದಿಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಅವಳ ಫೋಟೋ ಕಂಡಿತು. ಫೋಟೋಕ್ಕೆ ಹಾರ. ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಳು.

"ಹೊಳಿ ದಾಟಿ ದೊಡ್ಡ ಸಾಲಿಗಿ ಹೋಗ್ಯಾಳ! ಗೆದ್ದಾಳಂತ ಅವ್ವ ಹಾರ ಹಾಕಿ, ಖುಷೀಲೆ ಅಳಾಕತ್ತಾಳ!" ಯಮನಮ್ಮನ ದನಿ ಒಡೆದುಹೋಗಿತ್ತು.

ಮರುದಿನ ಬಾಗಿಲಿಗೆ ಬಂದ ಗಾಡಿಯನ್ನು ವೀರಭದ್ರಮ್ಮ ಖಾಲಿ ಕಳಿಸಿದರು.

*

"ಊರಾಗ ಏನಂತಾರ ಅನ್ಲಿ," ವೀರಭದ್ರಮ್ಮ ಹೇಳಿದರು. "ಅದ ಮಾತು ಹಿಡಕೊಂಡು ಕುಂತ್ನಿ. ಮನಿಯವರು ಎಂಟು ದಿನ ನನ್ನ ಕೂಡ ಮಾತಾಡಲಿಲ್ಲ. ಈಗ ನೋಡ್ರಿ, ಇಕಿ ಮನಿಯಾಗ ಹೊಲಿಗಿ ಮಿಷನ್ ಇಟ್ಟಾಳ, ನಕ್ಕೋಂತ ಅದಾಳ."

ವಿರೂಪಾಕ್ಷಪ್ಪ ಬೆಪ್ಪಾಗಿ ನೋಡುತ್ತಿದ್ದರು. "ಯಾವ ಸಿನಿಮಾ? ಹಾರ ಹಾಕಿದ ಫೋಟೋದ್ದ? ಅಮ್ಮಾರ, ಅದರಾಗ ತಾಯಿ ಹಂಗ ಅನ್ನಂಗಿಲ್ಲ. ‘ಸತ್ತರೂ ಗಂಡನ ಮನಿಯಾಗ ಸಾಯಿ’ ಅಂತಾಳ. ಹುಡುಗಿ ಹೊಳಿಗಿ ಬೀಳ್ತಾಳ!"

ಬಸವಣ್ಣೆಮ್ಮ ತಾಯಿಯ ಮುಖ ನೋಡಿದಳು.

ಗಾಳೆಪ್ಪ ನೆಲ ನೋಡುತ್ತ ಹೇಳಿದ: "ನಮ್ಮವ್ವ ನಮ್ಮಕ್ಕನ್ನ ಮೂರು ಸಲ ಗಂಡನ ಮನಿಗಿ ಹೊಳ್ಳಿ ಕಳಿಸಿದ್ಲರಿ. ನಾಲ್ಕನೇ ಸಲ ಅಕ್ಕ ತವರಿಗಿ ಬರ್ಲೇ ಇಲ್ಲ. ಅಯ್ಯಮ್ಮನ್ನ ಟೊಂಕದ ಮ್ಯಾಲ ಕುಂದ್ರಿಸಿಕೊಂಡು ಲಿಂಗಸುಗೂರಿಂದ ಮಸ್ಕಿಗಿ ನಡಕೊಂತ ಬಂದ್ಲು."

ವೀರಭದ್ರಮ್ಮ ಹೆಣದ ಮುಖದ ಕಡೆ ತಿರುಗಿದರು.

"ಫೋಟೋಕ್ಕ ಹಾರ ಯಾವಾಗ ಹಾಕ್ತಾರಂತ ನನಗ ಗೊತ್ತಿದ್ದಿಲ್ಲೇನು?" ಎಂದರು ಮೆಲ್ಲಗೆ. "ಅವತ್ತ ಗೊತ್ತಿತ್ತು. ಆದ್ರ ಇಕಿ ಹೇಳಿದ್ದನ್ನ ನಂಬಬೇಕನಿಸ್ತು." ಮರುಗಳಿಗೆ ಅವರ ಹೊಟ್ಟೆಯಿಂದ ನಗು ಉಕ್ಕಿತು. "ಹಿತ್ತಲ ಬಾಗಲ ತಗ್ಯಾಕ ಹೋಗ್ಯಾಳಂತ! ಎಲ್ಲಿಂದ ತಂದಿಯಬೇ ಯಮನವ್ವಾ ಅದನ್ನ!"

ಹಲಗೆ ಮತ್ತೆ ಶುರುವಾಯಿತು. ಈ ಸಲ ಬಡಿತ ಜೋರಾಗಿತ್ತು. ಚಟ್ಟದ ಹಿಂದೆ ಕೇರಿಯ ಹೆಂಗಸರು, ಗಾಡಿಯ ಹೆಂಗಸರು ಬಜಾರಿನ ನಡುವೆ ಹಾದು ಹೋಗುವಾಗ ಅಂಗಡಿಕಾರರು ತಕ್ಕಡಿ ಬಿಟ್ಟು ಎದ್ದು ನಿಂತರು. ಕುಣಿಯ ಹತ್ತಿರ ವೀರಭದ್ರಮ್ಮ ಮೊದಲು, ಬಸವಣ್ಣೆಮ್ಮ ಆಮೇಲೆ, ಹಿಡಿಮಣ್ಣು ಹಾಕಿದರು.

ಮಣ್ಣು ಮಾಡಿದ ಮೇಲೆ ಮೀಯದೆ ಹೋಗುವಂತಿಲ್ಲ. ಹಳ್ಳದಲ್ಲಿ ಊರವರಿಗೆ ಮೇಲಿನ ಮಡು, ಕೇರಿಯವರಿಗೆ ಕೆಳಗಿನದು. ಹೊತ್ತು ಇಳಿಯುತ್ತಿತ್ತು. ಅಷ್ಟರಲ್ಲೇ ತಂಬುವಿನ ಕಡೆಯಿಂದ ಲೌಡ್‌ಸ್ಪೀಕರಿನ ಮೊದಲ ಹಾಡು ಕೇಳಿತು.

"ಯವ್ವಾ, ಆಟ ಶುರು ಮಾಡಿದ್ರು!"

ಮೇಲಿನ ಮಡುವಿಗೆ ನಡೆಯುವಷ್ಟು ವ್ಯವಧಾನ ಯಾರಿಗಿತ್ತು! ವೀರಭದ್ರಮ್ಮ ಇಳಕಲ್ಲ ಸೀರೆಯಲ್ಲೇ ಕೆಳಗಿನ ಮಡುವಿಗೆ ಇಳಿದರು. ಹಿಂದೆಯೇ ಎಲ್ಲರೂ ಧಬಧಬ ಇಳಿದರು. ಪಾಚಿಗಲ್ಲಿಗೆ ಕಾಲು ಜಾರಿ ವೀರಭದ್ರಮ್ಮ ಕೈಗೆ ಸಿಕ್ಕ ಅಯ್ಯಮ್ಮನ ಹೆಗಲನ್ನು ಗಟ್ಟಿಯಾಗಿ ಹಿಡಿದರು. ಇಬ್ಬರೂ ಒಟ್ಟಿಗೆ ಮುಳುಗಿದರು, ಒಟ್ಟಿಗೆ ಎದ್ದರು. ಬಿಚ್ಚಿದ ಕೂದಲು ಒಬ್ಬರದು ಇನ್ನೊಬ್ಬರ ಮುಖಕ್ಕೆ ಅಂಟಿತ್ತು. ಇಬ್ಬರೂ ಏದುಸಿರು ಬಿಡುತ್ತ, ಕೈ ಬಿಡದೆ, ಹಾಡು ಕೇಳಿಬರುತ್ತಿದ್ದ ದಂಡೆಯ ಕಡೆಗೆ ನೀರು ಸೀಳಿಕೊಂಡು ಓಡತೊಡಗಿದರು.